ಸೆಶನ್ ಕುಕೀಗೆ ಸೆಕ್ಯೂರ್ ಹಾಕಿದ ಮೇಲೆ ಕೌಂಟರಿನವರಿಗೆ ಲಾಗಿನ್ ಆಗುತ್ತಿಲ್ಲ (ಜಾಂಗೋ, ಎಂಜಿನ್‌ಎಕ್ಸ್)

ತುಂಗಾತೀರ · ಸೋಮವಾರ, ಬೆಳಿಗ್ಗೆ 11:20

ಎಲ್ಲರಿಗೂ ನಮಸ್ಕಾರ. ಬೆಳಿಗ್ಗೆಯಿಂದ ಫೋನ್ ಒಂದೇ ಸಮನೆ ಬರುತ್ತಿದೆ. ಸ್ವಲ್ಪ ಸಹಾಯ ಬೇಕು.

ನಾನು ನೋಡಿಕೊಳ್ಳುವುದು ಒಂದು ಪತ್ತಿನ ಸಹಕಾರಿ ಸೊಸೈಟಿಯ ವೆಬ್ ಆ್ಯಪ್. ಕೌಂಟರಿನಲ್ಲಿ ಆರು ಜನ ಸಿಬ್ಬಂದಿ, ಹೊರಗೆ ಹದಿನೆಂಟು ಪಿಗ್ಮಿ ಏಜೆಂಟರು. ಏಜೆಂಟರು ಅಂಗಡಿ ಅಂಗಡಿ ತಿರುಗಿ ಹಣ ತೆಗೆದುಕೊಂಡು, ಅಲ್ಲೇ ನಿಂತು ಫೋನಿನ ಬ್ರೌಸರ್‌ನಲ್ಲಿ ಎಂಟ್ರಿ ಮಾಡುತ್ತಾರೆ. ಆ್ಯಪ್ ಬರೆದಿರುವುದು ಜಾಂಗೋ 4.2ರಲ್ಲಿ, ಅದನ್ನು ಓಡಿಸುವುದು ಗುನಿಕಾರ್ನ್, ಅದರ ಮುಂದೆ ಹೊರಗಿನ ರಿಕ್ವೆಸ್ಟ್ ತೆಗೆದುಕೊಳ್ಳುವ ಎಂಜಿನ್‌ಎಕ್ಸ್.

ಹೋದ ವಾರ ಸೆಕ್ಯೂರಿಟಿ ಆಡಿಟ್ ವರದಿ ಬಂತು. ಕುಕೀ ಬಗ್ಗೆಯೇ ಮೂರು ಆಕ್ಷೇಪಣೆ. ಸೆಶನ್ ಕುಕೀಗೆ (ಲಾಗಿನ್ ಆದವರನ್ನು ಗುರುತಿಸಲು ಬ್ರೌಸರ್ ಇಟ್ಟುಕೊಳ್ಳುವ ಸಣ್ಣ ಚೀಟಿ) ಸೆಕ್ಯೂರ್ ಇಲ್ಲ. ಒಮ್ಮೆ ಲಾಗಿನ್ ಆದರೆ ಎರಡು ವಾರ ಹಾಗೇ ಇರುತ್ತದೆ. ಸಿಎಸ್‌ಆರ್‌ಎಫ್ ಕುಕೀಗೆ (ಬೇರೆ ಸೈಟಿನಿಂದ ಕಳ್ಳ ಫಾರ್ಮ್ ಬರದಂತೆ ತಡೆಯುವ ಟೋಕನ್ ಇರುವುದು) ಎಚ್‌ಟಿಟಿಪಿಓನ್ಲಿ ಇಲ್ಲ.

ಭಾನುವಾರ ರಾತ್ರಿ ಸೆಟ್ಟಿಂಗ್ಸ್ ಫೈಲಿನಲ್ಲಿ ಸೆಶನ್_ಕುಕೀ_ಸೆಕ್ಯೂರ್ ಅನ್ನು ಟ್ರೂ ಮಾಡಿದೆ. ನನ್ನ ಲ್ಯಾಪ್‌ಟಾಪಿನಲ್ಲಿ ಲೋಕಲ್‌ಹೋಸ್ಟ್‌ನಲ್ಲಿ ಲಾಗಿನ್ ಸರಿಯಾಗಿಯೇ ಆಯಿತು. ಸರ್ವರ್‌ಗೆ ಹಾಕಿದೆ. ಬೆಳಿಗ್ಗೆ ಹತ್ತಕ್ಕೆ ಕೌಂಟರಿನವರು ಪಾಸ್‌ವರ್ಡ್ ಹೊಡೆದರೆ ಮತ್ತೆ ಲಾಗಿನ್ ಪುಟವೇ ಬರುತ್ತದೆ. ಪಾಸ್‌ವರ್ಡ್ ತಪ್ಪು ಅಂತಲೂ ಹೇಳುವುದಿಲ್ಲ. ಆದರೆ ಏಜೆಂಟರ ಫೋನಿನಲ್ಲಿ ಆರಾಮಾಗಿ ಆಗುತ್ತಿದೆ! ಗಾಬರಿಯಲ್ಲಿ ಸೆಕ್ಯೂರ್_ಎಸ್‌ಎಸ್‌ಎಲ್_ರೀಡೈರೆಕ್ಟ್ ಕೂಡ ಟ್ರೂ ಮಾಡಿದೆ. ಆಗ ಯಾರಿಗೂ ತೆರೆಯಲೇ ಇಲ್ಲ. ಬ್ರೌಸರ್ 'ಟೂ ಮೆನಿ ರೀಡೈರೆಕ್ಟ್ಸ್' ಅಂದಿತು. ಎರಡನ್ನೂ ತೆಗೆದು ಸದ್ಯಕ್ಕೆ ಕೆಲಸ ನಡೆಸಿದ್ದೇನೆ.

ಒಂದೇ ಸೆಟ್ಟಿಂಗ್, ಒಬ್ಬರಿಗೆ ಸರಿ, ಇನ್ನೊಬ್ಬರಿಗೆ ಇಲ್ಲ. ಹೇಗೆ ಇದು?

---

ಹಳೇಸರ್ವರ್ · ಸೋಮವಾರ, ಬೆಳಿಗ್ಗೆ 11:41

ಮೊದಲು ಒಂದು ನೋಡಿ ಹೇಳಿ. ಕೌಂಟರಿನ ಕಂಪ್ಯೂಟರಿನಲ್ಲಿ ವಿಳಾಸ ಎಚ್‌ಟಿಟಿಪಿ ಅಂತ ಶುರುವಾಗುತ್ತದೋ, ಗೂಢಲಿಪಿಯಲ್ಲಿ ಹೋಗುವ ಎಚ್‌ಟಿಟಿಪಿಎಸ್ ಅಂತಲೋ? ಕೇಳಿ ತಿಳಿದುಕೊಳ್ಳಬೇಡಿ. ಹೋಗಿ ಕಣ್ಣಲ್ಲಿ ನೋಡಿ.

---

ತುಂಗಾತೀರ · ಸೋಮವಾರ, ಮಧ್ಯಾಹ್ನ 12:15

ನೋಡಿದೆ ಸರ್. ಆರೂ ಕಂಪ್ಯೂಟರಿನಲ್ಲಿ ಹಳೇ ಬುಕ್‌ಮಾರ್ಕ್, ಬರೀ ಎಚ್‌ಟಿಟಿಪಿ. ವಿಳಾಸದ ಪಕ್ಕ 'ನಾಟ್ ಸೆಕ್ಯೂರ್' ಅಂತ ಬರೆದೇ ಇದೆ. ಯಾರೂ ಗಮನಿಸಿಲ್ಲ, ನಾನೂ ಗಮನಿಸಿರಲಿಲ್ಲ. ಏಜೆಂಟರಿಗೆ ನಾನೇ ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿದ್ದೆ, ಅದು ಎಚ್‌ಟಿಟಿಪಿಎಸ್.

ಎಂಜಿನ್‌ಎಕ್ಸ್ ಫೈಲ್ ತೆಗೆದು ನೋಡಿದರೆ ಪೋರ್ಟ್ 80 ಮತ್ತು 443 ಎರಡೂ ಒಂದೇ ಬ್ಲಾಕಿನಲ್ಲಿವೆ. ಎರಡೂ ಕಡೆಯಿಂದ ಬಂದದ್ದನ್ನು ಸೀದಾ ಗುನಿಕಾರ್ನ್‌ಗೆ ಕಳಿಸುತ್ತಿದೆ.

---

ಹಳೇಸರ್ವರ್ · ಸೋಮವಾರ, ಮಧ್ಯಾಹ್ನ 12:58

ಹಾಗಾದರೆ ಎರಡೂ ತೊಂದರೆಗೆ ಕಾರಣ ಸಿಕ್ಕಿತು. ಒಂದೊಂದಾಗಿ ಹೇಳುತ್ತೇನೆ.

ಸೆಕ್ಯೂರ್ ಅನ್ನುವ ಫ್ಲ್ಯಾಗ್ ಬ್ರೌಸರ್‌ಗೆ ಕೊಡುವ ಸೂಚನೆ. 'ಈ ಕುಕೀಯನ್ನು ಎಚ್‌ಟಿಟಿಪಿಎಸ್ ದಾರಿಯಲ್ಲಿ ಮಾತ್ರ ಕಳಿಸು' ಅಂತ. ಎಚ್‌ಟಿಟಿಪಿ ಮೇಲೆ ಬಂದ ಉತ್ತರದಲ್ಲಿ ಸೆಕ್ಯೂರ್ ಕುಕೀ ಇದ್ದರೆ ಈಗಿನ ಬ್ರೌಸರ್‌ಗಳು ಅದನ್ನು ಇಟ್ಟುಕೊಳ್ಳುವುದೇ ಇಲ್ಲ. ನಿಮ್ಮ ಕೌಂಟರಿನಲ್ಲಿ ಪಾಸ್‌ವರ್ಡ್ ಸರಿಯಾಗಿಯೇ ಇತ್ತು. ಜಾಂಗೋ ಲಾಗಿನ್ ಮಾಡಿಸಿತು, ಕುಕೀ ಕೊಟ್ಟಿತು, ಬ್ರೌಸರ್ ಅದನ್ನು ಬಿಸಾಕಿತು. ಮುಂದಿನ ಪುಟ ಕೇಳಿದಾಗ ಕೈಯಲ್ಲಿ ಕುಕೀ ಇಲ್ಲ, ಮತ್ತೆ ಲಾಗಿನ್ ಪುಟ. ತಪ್ಪು ಅಂತ ಯಾರೂ ಹೇಳಲಿಲ್ಲ, ಯಾಕೆಂದರೆ ಯಾರ ಲೆಕ್ಕದಲ್ಲೂ ತಪ್ಪಾಗಿಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಸರಿ ಹೋದದ್ದಕ್ಕೆ ಕಾರಣ ಬೇರೆ. ಕ್ರೋಮ್ ಮತ್ತು ಫೈರ್‌ಫಾಕ್ಸ್ ಲೋಕಲ್‌ಹೋಸ್ಟ್‌ಗೆ ವಿನಾಯಿತಿ ಕೊಡುತ್ತವೆ, ಅಲ್ಲಿ ಎಚ್‌ಟಿಟಿಪಿ ಇದ್ದರೂ ಸೆಕ್ಯೂರ್ ಕುಕೀ ಒಪ್ಪುತ್ತವೆ. ಹಾಗಾಗಿ ಸೆಕ್ಯೂರ್ ಸೆಟ್ಟಿಂಗನ್ನು ಲೋಕಲ್‌ಹೋಸ್ಟ್‌ನಲ್ಲಿ ಪರೀಕ್ಷೆ ಮಾಡಿದರೆ ಏನೂ ತಿಳಿಯುವುದಿಲ್ಲ.

ಇನ್ನು ರೀಡೈರೆಕ್ಟ್ ಸುತ್ತು. ನಿಮ್ಮಲ್ಲಿ ಎಚ್‌ಟಿಟಿಪಿಎಸ್ ಬಿಚ್ಚುವುದು ಎಂಜಿನ್‌ಎಕ್ಸ್. ಲಕೋಟೆ ಒಡೆದು ಒಳಗಿನ ಕಾಗದವನ್ನು ಮಾತ್ರ ಗುನಿಕಾರ್ನ್‌ಗೆ ಬರೀ ಎಚ್‌ಟಿಟಿಪಿಯಲ್ಲಿ ಕೊಡುತ್ತದೆ. ಜಾಂಗೋಗೆ ಕಾಣುವುದು ತೆರೆದ ಕಾಗದ ಅಷ್ಟೇ. 'ಇದು ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್‌ನಲ್ಲಿ ಬಾ' ಅಂತ ವಾಪಸ್ ಕಳಿಸುತ್ತದೆ. ಬ್ರೌಸರ್ ಎಚ್‌ಟಿಟಿಪಿಎಸ್‌ನಲ್ಲೇ ಬರುತ್ತದೆ, ಎಂಜಿನ್‌ಎಕ್ಸ್ ಮತ್ತೆ ಒಡೆದು ಕೊಡುತ್ತದೆ, ಜಾಂಗೋ ಮತ್ತೆ ಅದನ್ನೇ ಹೇಳುತ್ತದೆ. ಸುಮಾರು ಇಪ್ಪತ್ತು ಸುತ್ತು ಆದ ಮೇಲೆ ಬ್ರೌಸರ್ ಕೈಬಿಡುತ್ತದೆ.

ಸರಿ ಮಾಡುವ ಕ್ರಮ ಹೀಗೆ. ಪೋರ್ಟ್ 80ಕ್ಕೆ ಬೇರೆ ಬ್ಲಾಕ್ ಮಾಡಿ. ಅದರಲ್ಲಿ ಎಚ್‌ಟಿಟಿಪಿಎಸ್ ವಿಳಾಸಕ್ಕೆ 301 (ಶಾಶ್ವತ ರೀಡೈರೆಕ್ಟ್) ರಿಟರ್ನ್ ಮಾಡುವ ಒಂದೇ ಸಾಲು ಸಾಕು, ಗುನಿಕಾರ್ನ್‌ಗೆ ಏನೂ ಹೋಗಬಾರದು. 443 ಬ್ಲಾಕಿನಲ್ಲಿ ಪ್ರಾಕ್ಸಿ_ಸೆಟ್_ಹೆಡರ್ ಹಾಕಿ, ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರಿಗೆ ಎಂಜಿನ್‌ಎಕ್ಸ್‌ನ ಸ್ಕೀಮ್ ಮೌಲ್ಯ (ಬಂದದ್ದು ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಅನ್ನುವುದು) ಕೊಡಿ. ಜಾಂಗೋದಲ್ಲಿ ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್‌ಗೆ ಅದೇ ಹೆಡರಿನ ಹೆಸರು, ಜೊತೆಗೆ 'ಎಚ್‌ಟಿಟಿಪಿಎಸ್' ಅನ್ನುವ ಮೌಲ್ಯ ಕೊಡಿ. ಅಲ್ಲಿ ಹೆಸರಿನ ಮುಂದೆ ಎಚ್‌ಟಿಟಿಪಿ_ ಸೇರಬೇಕು, ಅಡ್ಡಗೆರೆಗಳು ಅಂಡರ್‌ಸ್ಕೋರ್ ಆಗಬೇಕು. ಇದನ್ನು ತಪ್ಪು ಬರೆದು ಅರ್ಧ ದಿನ ಕಳೆದವರನ್ನು ನೋಡಿದ್ದೇನೆ. ಇಷ್ಟು ಆದ ಮೇಲೆ ಸೆಕ್ಯೂರ್ ಆನ್ ಮಾಡಿ.

ಒಂದು ಎಚ್ಚರಿಕೆ. ಆ ಹೆಡರನ್ನು ನಂಬುವಂತೆ ಜಾಂಗೋಗೆ ಹೇಳಿದ ಮೇಲೆ ಗುನಿಕಾರ್ನ್ ಹೊರಗಿನವರಿಗೆ ನೇರವಾಗಿ ಸಿಗಬಾರದು. 127.0.0.1ಕ್ಕೆ (ಅದೇ ಯಂತ್ರದ ಒಳಗಿನ ವಿಳಾಸ) ಮಾತ್ರ ಬೈಂಡ್ ಮಾಡಿ. 0.0.0.0 ಅಂತಿದ್ದರೆ ಯಾರು ಬೇಕಾದರೂ ಪೋರ್ಟ್ 8000ಕ್ಕೆ ಬಂದು ಆ ಹೆಡರನ್ನು ತಾವೇ ಬರೆದು ಕಳಿಸಬಹುದು.

---

ಅಡಿಕೆತೋಟ · ಸೋಮವಾರ, ಮಧ್ಯಾಹ್ನ 2:30

ನಾನು ಕಲಿಯುತ್ತಿರುವವನು, ತಪ್ಪು ತಿಳಿಯಬೇಡಿ. ಪಾಸ್‌ವರ್ಡ್ ಹ್ಯಾಶ್ ಆಗಿರುತ್ತದೆ, ಓಟಿಪಿ ಇರುತ್ತದೆ. ಒಂದು ಸಣ್ಣ ಸೊಸೈಟಿಯ ಕುಕೀ ಹಿಡಿಯಲು ಯಾರು ಬರುತ್ತಾರೆ? ಆಡಿಟ್‌ಗೆ ಬೇಕು ಅಂತ ಸುಮ್ನೆ ಮಾಡುವುದಾ, ಅಥವಾ ನಿಜವಾಗಿಯೂ ಅಪಾಯ ಇದೆಯಾ?

---

ಕಡಲತಡಿ · ಸೋಮವಾರ, ಮಧ್ಯಾಹ್ನ 3:12

ಅಪಾಯ ನಿಜವಾಗಿಯೂ ಇದೆ ಮಾರಾಯ್ರೇ, ಒಮ್ಮೆ ಕೈಯಾರೆ ಮಾಡಿ ನೋಡಿ.

ದೇವಸ್ಥಾನದ ಮುಂದೆ ಚಪ್ಪಲಿ ಸ್ಟ್ಯಾಂಡ್ ಇರುತ್ತದಲ್ಲ. ಚಪ್ಪಲಿ ಬಿಟ್ಟರೆ ಒಂದು ಟೋಕನ್ ಕೊಡುತ್ತಾರೆ. ವಾಪಸ್ ಬಂದಾಗ ಅವರು ನಿಮ್ಮ ಮುಖ ನೋಡುವುದಿಲ್ಲ, ಟೋಕನ್ ನೋಡುತ್ತಾರೆ. ಟೋಕನ್ ಯಾರ ಕೈಯಲ್ಲಿದೆಯೋ ಚಪ್ಪಲಿ ಅವರದ್ದು. ಸೆಶನ್ ಕುಕೀ ಅದೇ ಟೋಕನ್. ಪಾಸ್‌ವರ್ಡ್, ಓಟಿಪಿ ಎಲ್ಲ ಟೋಕನ್ ಪಡೆಯುವ ಹೊತ್ತಿಗೆ ಮಾತ್ರ. ಆಮೇಲೆ ಪ್ರತಿ ಕ್ಲಿಕ್ಕಿಗೂ ಸರ್ವರ್ ಕೇಳುವುದು ಟೋಕನ್ ಒಂದನ್ನೇ.

2010ರ ಅಕ್ಟೋಬರಿನಲ್ಲಿ ಎರಿಕ್ ಬಟ್ಲರ್ ಅನ್ನುವವರು ಫೈರ್‌ಶೀಪ್ ಅಂತ ಫೈರ್‌ಫಾಕ್ಸ್‌ಗೆ ಒಂದು ಎಕ್ಸ್‌ಟೆನ್ಶನ್ ಬಿಟ್ಟರು. ಪಾಸ್‌ವರ್ಡ್ ಇಲ್ಲದ ವೈಫೈನಲ್ಲಿ ಕೂತು ಅದನ್ನು ಚಾಲೂ ಮಾಡಿದರೆ, ಅದೇ ವೈಫೈನಲ್ಲಿ ಫೇಸ್‌ಬುಕ್, ಟ್ವಿಟರ್ ತೆರೆದವರ ಹೆಸರು, ಫೋಟೋ ಪಕ್ಕದಲ್ಲಿ ಸಾಲಾಗಿ ಬರುತ್ತಿತ್ತು. ಹೆಸರಿನ ಮೇಲೆ ಎರಡು ಸಲ ಒತ್ತಿದರೆ ಅವರ ಖಾತೆಯ ಒಳಗೆ! ನಾನಾಗ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಗೆಳತಿಯೊಬ್ಬಳು ತನ್ನ ಖಾತೆಯ ಮೇಲೆಯೇ ಮಾಡಿ ತೋರಿಸಿದಳು. ಅವತ್ತು ನನಗೆ ಆದ ಭಯ ಈಗಲೂ ನೆನಪಿದೆ. ಲಾಗಿನ್ ಪುಟಕ್ಕೆ ಮಾತ್ರ ಎಚ್‌ಟಿಟಿಪಿಎಸ್ ಕೊಟ್ಟು ಉಳಿದದ್ದಕ್ಕೆ ಎಚ್‌ಟಿಟಿಪಿ ಬಿಡುವುದು ಆಗ ಮಾಮೂಲು. 2011ರ ಜನವರಿಯಲ್ಲಿ ಫೇಸ್‌ಬುಕ್ ಪೂರ್ತಿ ಎಚ್‌ಟಿಟಿಪಿಎಸ್ ಬಳಸುವ ಆಯ್ಕೆ ಕೊಟ್ಟಿತು.

ತುಂಗಾತೀರ ಅವರ ಕೌಂಟರ್ ಇಷ್ಟು ದಿನ ಇದ್ದದ್ದು ಅದೇ ಸ್ಥಿತಿಯಲ್ಲಿ.

ಇನ್ನೊಂದು ಮಾತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆ ನಮ್ಮ ಕರಾವಳಿಯಲ್ಲಿ 1928ರಲ್ಲಿ ಪಿಗ್ಮಿ ಶುರು ಮಾಡಿತು. ಆಗಿನಿಂದ ಅದು ನಡೆಯುವುದು ಮನೆ ಬಾಗಿಲಿಗೆ ಬರುವ ಏಜೆಂಟರ ಮೇಲಿನ ನಂಬಿಕೆಯಿಂದ. ಏಜೆಂಟರ ಟೋಕನ್ ಕದ್ದು ಯಾರೋ ಎಂಟ್ರಿ ತಿದ್ದಿದರೆ ದಾಖಲೆಯಲ್ಲಿ ಬೀಳುವುದು ಏಜೆಂಟರ ಹೆಸರು. ಪಿಗ್ಮಿ ಕಟ್ಟುವ ಹೂವಿನವರ ಮುಂದೆ ನಿಂತು 'ನಾನು ಮಾಡಿದ್ದಲ್ಲ' ಅಂತ ಅವರು ಹೇಗೆ ಸಾಬೀತು ಮಾಡಬೇಕು? ಸೊಸೈಟಿ ಸಣ್ಣದು ಅನ್ನುವ ಮಾತು ನನಗೆ ಒಪ್ಪಿಗೆ ಆಗುವುದಿಲ್ಲ.

---

ತುಂಗಾತೀರ · ಸೋಮವಾರ, ಸಂಜೆ 6:05

ಕಡಲತಡಿ ಅಕ್ಕ, ನೀವು ಹೇಳಿದ್ದನ್ನು ಈಗ ಸೊಸೈಟಿಯಲ್ಲೇ ಮಾಡಿ ನೋಡಿದೆ. ಕ್ಯಾಷಿಯರ್ ಮೇಡಂ ಅನುಮತಿ ಕೇಳಿ, ಅವರ ಮುಂದೆಯೇ.

ಅವರು ಕ್ರೋಮ್‌ನಲ್ಲಿ ಲಾಗಿನ್ ಆಗಿದ್ದರು. ಎಫ್12 ಒತ್ತಿ, ಅಪ್ಲಿಕೇಶನ್ ಟ್ಯಾಬ್, ಅದರಲ್ಲಿ ಕುಕೀಸ್. ಸೆಶನ್‌ಐಡಿ ಅನ್ನುವ ಸಾಲು, ಪಕ್ಕದಲ್ಲಿ 32 ಅಕ್ಷರದ ಒಂದು ಉದ್ದ ಸರ. ಎಚ್‌ಟಿಟಿಪಿಓನ್ಲಿ ಕಾಲಮ್ಮಿನಲ್ಲಿ ಸರಿ ಗುರುತು ಇತ್ತು, ಸೆಕ್ಯೂರ್ ಕಾಲಮ್ ಖಾಲಿ. ಆ ಸರವನ್ನು ಕಾಪಿ ಮಾಡಿ, ನನ್ನ ಲ್ಯಾಪ್‌ಟಾಪಿನ ಫೈರ್‌ಫಾಕ್ಸ್‌ನಲ್ಲಿ ಸ್ಟೋರೇಜ್ ಟ್ಯಾಬಿಗೆ ಹೋಗಿ, ಅದೇ ಹೆಸರಿನ ಕುಕೀ ಮಾಡಿ ಅಂಟಿಸಿದೆ. ರಿಫ್ರೆಶ್ ಒತ್ತಿದೆ. ಮೇಲೆ ಬಲಗಡೆ ಮೇಡಂ ಹೆಸರು, ಕೆಳಗೆ ಇವತ್ತಿನ ನಗದು ಲೆಕ್ಕ.

ಅವರು ಎರಡು ಪರದೆಯನ್ನೂ ನೋಡಿ, 'ನಾನು ಆ ಕಡೆ ಪಾಸ್‌ವರ್ಡ್ ಹೊಡೆದೇ ಇಲ್ಲವಲ್ಲ' ಅಂದರು. ಆಮೇಲೆ ಕೇಳಿದ್ದು, 'ಇದರಲ್ಲಿ ವೋಚರ್ ಕೂಡ ಪಾಸ್ ಮಾಡಬಹುದಾ?' ಮಾಡಬಹುದು ಅಂತ ಹೇಳಬೇಕಾಯಿತು. ಲಾಗ್‌ಔಟ್ ಮಾಡಿಸಿದೆ. ಲ್ಯಾಪ್‌ಟಾಪಿನಲ್ಲೂ ತಕ್ಷಣ ಹೊರಬಿತ್ತು, ಅದೊಂದು ಸಮಾಧಾನ.

ಕಾರ್ಯದರ್ಶಿಗಳೂ ನೋಡಿದರು. ರಾತ್ರಿ ಒಂದು ಗಂಟೆ ಆ್ಯಪ್ ನಿಲ್ಲಿಸಲು ಒಪ್ಪಿದ್ದಾರೆ. ಹಳೇಸರ್ವರ್ ಅವರು ಕೊಟ್ಟ ಕ್ರಮದಲ್ಲೇ ಮಾಡುತ್ತೇನೆ.

---

ಹಳೇಸರ್ವರ್ · ಸೋಮವಾರ, ಸಂಜೆ 6:40

ಬದಲಾವಣೆ ಹಾಕಿದ ಮೇಲೆ ಸೆಶನ್ ಟೇಬಲ್ಲನ್ನು ಪೂರ್ತಿ ಖಾಲಿ ಮಾಡಲು ಮರೆಯಬೇಡಿ. ಹೊಸ ಸೆಟ್ಟಿಂಗ್ ಇನ್ನು ಮುಂದೆ ಕೊಡುವ ಕುಕೀಗೆ ಮಾತ್ರ. ಈಗಾಗಲೇ ಕೊಟ್ಟ ಕುಕೀಗಳು ಸೆಕ್ಯೂರ್ ಇಲ್ಲದೆಯೇ ಹದಿನಾಲ್ಕು ದಿನ ಬದುಕಿರುತ್ತವೆ. ಎಲ್ಲರೂ ಒಮ್ಮೆ ಹೊರಬಂದು ಹೊಸದಾಗಿ ಲಾಗಿನ್ ಆಗಬೇಕು. ಏಜೆಂಟರಿಗೆ ರಾತ್ರಿಯೇ ಮೆಸೇಜ್ ಹಾಕಿಬಿಡಿ.

ಹಾಕುವ ಮುಂಚೆ ಮ್ಯಾನೇಜ್ ಡಾಟ್ ಪೈ ಚೆಕ್, ಮುಂದೆ ಎರಡು ಅಡ್ಡಗೆರೆ ಡಿಪ್ಲಾಯ್ ಅಂತ ಓಡಿಸಿ. ಸೆಶನ್ ಕುಕೀ ಸೆಕ್ಯೂರ್ ಇಲ್ಲದಿದ್ದರೆ ಡಬ್ಲ್ಯೂ012 ಅಂತ ಅದೇ ಹೇಳುತ್ತದೆ. ಆಡಿಟರ್ ಬರುವ ತನಕ ಕಾಯುವುದೇ ಬೇಡ.

---

ಬಿಳಿಗಿರಿ · ಸೋಮವಾರ, ರಾತ್ರಿ 8:22

ಎಚ್‌ಟಿಟಿಪಿಓನ್ಲಿ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇದು 2002ರಲ್ಲಿ ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರಲ್ಲಿ ತಂದದ್ದು. ಪುಟದಲ್ಲಿ ಓಡುವ ಜಾವಾಸ್ಕ್ರಿಪ್ಟ್‌ಗೆ ಕುಕೀ ಕಾಣದ ಹಾಗೆ ಮುಚ್ಚುತ್ತದೆ. ಜಾಂಗೋದಲ್ಲಿ ಸೆಶನ್ ಕುಕೀಗೆ ಇದು ತಾನಾಗಿಯೇ ಆನ್ ಇರುತ್ತದೆ. ತುಂಗಾತೀರ ಅವರು ಕಂಡ ಸರಿ ಗುರುತು ಅದೇ.

ಆದರೆ ಇದನ್ನು ಹಾಕಿದರೆ ಎಕ್ಸ್‌ಎಸ್‌ಎಸ್ (ಹೊರಗಿನವರ ಸ್ಕ್ರಿಪ್ಟ್ ನಮ್ಮ ಪುಟದೊಳಗೆ ನುಗ್ಗುವುದು) ತೊಂದರೆ ಮುಗಿಯಿತು ಅಂದುಕೊಳ್ಳಬೇಡಿ. ಸದಸ್ಯರ ವಿಳಾಸದ ಜಾಗದಲ್ಲಿ ಯಾರೋ ಸ್ಕ್ರಿಪ್ಟ್ ಟ್ಯಾಗ್ ತುರುಕಿದರು ಅಂತಿಟ್ಟುಕೊಳ್ಳಿ. ಆ ಪುಟವನ್ನು ಕ್ಯಾಷಿಯರ್ ತೆರೆದರೆ ಸ್ಕ್ರಿಪ್ಟ್‌ಗೆ ಕುಕೀ ಓದಲು ಆಗುವುದಿಲ್ಲ, ನಿಜ. ಆದರೆ ಓದುವ ಅಗತ್ಯವೇ ಇಲ್ಲ. ಅಲ್ಲೇ ಕೂತು ವೋಚರ್ ಪಾಸ್ ಮಾಡುವ ರಿಕ್ವೆಸ್ಟ್ ಕಳಿಸಿದರೆ ಬ್ರೌಸರ್ ಕುಕೀಯನ್ನು ತಾನೇ ಜೋಡಿಸಿ ಕಳಿಸುತ್ತದೆ. ಹಾಗಾಗಿ ಟೆಂಪ್ಲೇಟುಗಳಲ್ಲಿ 'ಸೇಫ್' ಫಿಲ್ಟರ್ ಎಲ್ಲೆಲ್ಲಿ ಹಾಕಿದ್ದೀರಿ ಅಂತ ಒಮ್ಮೆ ಹುಡುಕಿ. ಜಾಂಗೋ ತಾನಾಗಿ ಕೊಡುವ ರಕ್ಷಣೆಯನ್ನು ನಾವೇ ತೆಗೆಯುವ ಜಾಗ ಅದು.

ಸಿಎಸ್‌ಆರ್‌ಎಫ್ ಕುಕೀಗೆ ಎಚ್‌ಟಿಟಿಪಿಓನ್ಲಿ ಕೇಳಿದ್ದರಲ್ಲ ಆಡಿಟರ್, ಅದರಿಂದ ಹೆಚ್ಚೇನೂ ಲಾಭ ಇಲ್ಲ. ಪುಟದೊಳಗೆ ನುಗ್ಗಿದ ಸ್ಕ್ರಿಪ್ಟ್ ಅದೇ ಟೋಕನ್ನನ್ನು ಫಾರ್ಮಿನ ಒಳಗಿನಿಂದಲೇ ತೆಗೆದುಕೊಳ್ಳುತ್ತದೆ. ಜಾಂಗೋದವರ ದಾಖಲೆಯಲ್ಲೂ ಹೀಗೇ ಬರೆದಿದೆ. ನಿಮ್ಮ ಜಾವಾಸ್ಕ್ರಿಪ್ಟ್ ಕುಕೀಯಿಂದ ಟೋಕನ್ ಓದುತ್ತಿಲ್ಲವಾದರೆ ಆನ್ ಮಾಡಿಬಿಡಿ, ನಷ್ಟವೂ ಇಲ್ಲ. ಓದುತ್ತಿದ್ದರೆ ಕಾರಣ ಬರೆದು ಆಡಿಟರಿಗೆ ಉತ್ತರ ಕೊಡಿ. ಒಳ್ಳೆಯ ಆಡಿಟರ್ ಒಪ್ಪುತ್ತಾರೆ. ಸಿಎಸ್‌ಆರ್‌ಎಫ್ ಕುಕೀಗೂ ಸೆಕ್ಯೂರ್ ಮಾತ್ರ ಖಂಡಿತ ಹಾಕಿ.

---

ಹುಬ್ಬಳ್ಳಿಪಿಎಚ್‌ಪಿ · ಸೋಮವಾರ, ರಾತ್ರಿ 9:10

ನಮ್ಮದು ಹಳೇ ಪಿಎಚ್‌ಪಿ ಆ್ಯಪ್ ರೀ. ಕೋಡ್ ಮುಟ್ಟಲು ಹೆದರಿಕೆ. ಪಿಎಚ್‌ಪಿ ಡಾಟ್ ಐಎನ್‌ಐ ಫೈಲಿನಲ್ಲೇ ಏನಾದರೂ ಮಾಡಬಹುದಾ?

---

ಬಿಳಿಗಿರಿ · ಸೋಮವಾರ, ರಾತ್ರಿ 9:34

ಜಾಸ್ತಿ ಭಾಗ ಅಲ್ಲೇ ಆಗುತ್ತದೆ ಸರ್. ಸೆಶನ್ ಡಾಟ್ ಕುಕೀ_ಸೆಕ್ಯೂರ್ 1, ಸೆಶನ್ ಡಾಟ್ ಕುಕೀ_ಎಚ್‌ಟಿಟಿಪಿಓನ್ಲಿ 1. ಪಿಎಚ್‌ಪಿಯಲ್ಲಿ ಇವೆರಡೂ ತಾನಾಗಿ ಆನ್ ಇರುವುದಿಲ್ಲ, ನೆನಪಿಡಿ. ಸೆಶನ್ ಡಾಟ್ ಕುಕೀ_ಸೇಮ್‌ಸೈಟ್ ಇರುವುದು ಪಿಎಚ್‌ಪಿ 7.3ರಿಂದ ಮಾತ್ರ. ಸೆಶನ್ ಡಾಟ್ ಯೂಸ್_ಸ್ಟ್ರಿಕ್ಟ್_ಮೋಡ್ ಕೂಡ 1 ಮಾಡಿ. ಅದಿಲ್ಲದಿದ್ದರೆ ಹೊರಗಿನವರು ತಾವೇ ಬರೆದ ಐಡಿಯನ್ನೂ ಪಿಎಚ್‌ಪಿ ಒಪ್ಪಿಕೊಳ್ಳುತ್ತದೆ.

ಕೋಡಿನಲ್ಲಿ ಒಂದೇ ಒಂದು ಸಾಲು ಮುಟ್ಟಲೇಬೇಕು. ಪಾಸ್‌ವರ್ಡ್ ಸರಿ ಅಂತ ಗೊತ್ತಾದ ತಕ್ಷಣ ಸೆಶನ್_ರೀಜನರೇಟ್_ಐಡಿ ಕರೆಯಿರಿ, ಆವರಣದಲ್ಲಿ ಟ್ರೂ. ಲಾಗಿನ್‌ಗೆ ಮುಂಚಿನ ಐಡಿ ಲಾಗಿನ್ ಆದ ಮೇಲೂ ಮುಂದುವರಿಯಬಾರದು. ಜಾಂಗೋದ ಲಾಗಿನ್ ಫಂಕ್ಷನ್ ಇದನ್ನು ತಾನೇ ಮಾಡುತ್ತದೆ, ಪಿಎಚ್‌ಪಿಯಲ್ಲಿ ನಾವೇ ಮಾಡಬೇಕು.

---

ಜಾವಾಮಲ್ಲಿಗೆ · ಸೋಮವಾರ, ರಾತ್ರಿ 10:02

ಜಾವಾದವರಿಗೂ ಒಂದು ಅನುಭವ ಹೇಳುತ್ತೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಒಂದು ಹಳೇ ಆ್ಯಪ್ ಇತ್ತು. ಅದರ ವಿಳಾಸದ ಕೊನೆಯಲ್ಲಿ ಅರ್ಧವಿರಾಮ ಹಾಕಿ ಜೆಸೆಶನ್‌ಐಡಿ ಅಂತ ಉದ್ದಕ್ಕೆ ಬರುತ್ತಿತ್ತು. ಸಹೋದ್ಯೋಗಿಯೊಬ್ಬರು ತಮ್ಮ ಸಂಬಳದ ಚೀಟಿಯ ಪುಟ ತೆರೆಯುತ್ತಿಲ್ಲ ಅಂತ ಲಿಂಕನ್ನು ವಾಟ್ಸಾಪ್ ಗುಂಪಿಗೆ ಹಾಕಿ ಸಹಾಯ ಕೇಳಿದರು. ಒತ್ತಿದವರೆಲ್ಲ ಅವರ ಹೆಸರಿನಲ್ಲೇ ಒಳಗೆ ಹೋದರು. ಅವರ ಸಂಬಳ, ಪ್ಯಾನ್ ನಂಬರ್ ಎಲ್ಲರಿಗೂ ಕಂಡಿತು. ಪಾಪ, ವಾರಗಟ್ಟಲೆ ಬೇಜಾರಿನಲ್ಲಿದ್ದರು.

ವೆಬ್ ಡಾಟ್ ಎಕ್ಸ್‌ಎಂಎಲ್ ಫೈಲಿನ ಸೆಶನ್-ಕಾನ್ಫಿಗ್ ಒಳಗೆ ಟ್ರ್ಯಾಕಿಂಗ್-ಮೋಡ್ ಅನ್ನು ಕುಕೀ ಅಂತ ಮಾತ್ರ ಮಾಡಿ. ವಿಳಾಸದಲ್ಲಿ ಐಡಿ ಬರುವುದು ಅಲ್ಲಿಗೆ ನಿಲ್ಲುತ್ತದೆ. ಅಲ್ಲೇ ಕುಕೀ-ಕಾನ್ಫಿಗ್‌ನಲ್ಲಿ ಸೆಕ್ಯೂರ್, ಎಚ್‌ಟಿಟಿಪಿ-ಓನ್ಲಿ ಎರಡನ್ನೂ ಟ್ರೂ ಮಾಡಬಹುದು. ಸರ್ವ್‌ಲೆಟ್ 3.0ರಿಂದ ಇವೆ.

---

ತುಂಗಾತೀರ · ಮಂಗಳವಾರ, ಬೆಳಿಗ್ಗೆ 10:48

ರಾತ್ರಿ ಹಾಕಿದೆ. ಬೆಳಿಗ್ಗೆ ಕೌಂಟರ್ ಹಳೇ ಬುಕ್‌ಮಾರ್ಕಿನಲ್ಲೇ ತೆರೆಯಿತು, ತಾನಾಗಿ ಎಚ್‌ಟಿಟಿಪಿಎಸ್‌ಗೆ ಹೋಯಿತು, ಆರೂ ಜನ ಒಳಗೆ. ಸುತ್ತು ಇಲ್ಲ. ಗುನಿಕಾರ್ನ್ ನಿಜಕ್ಕೂ 0.0.0.0ರಲ್ಲಿ ಇತ್ತು, ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್.

ಈಗ ಎರಡು ವಾರದ ವಿಷಯ. ಆಡಿಟರ್ 15 ನಿಮಿಷ ಇಡಿ ಅನ್ನುತ್ತಾರೆ. 15 ನಿಮಿಷ ಇಟ್ಟರೆ ಏಜೆಂಟರು ಏನು ಮಾಡಬೇಕು? ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಿ, ಗಿರಾಕಿ ಮುಗಿಯುವ ತನಕ ಕಾದು, ಹಣ ಎಣಿಸಿ ಫೋನ್ ತೆಗೆದರೆ ಲಾಗಿನ್ ಪುಟ. ಕೆಲವರಿಗೆ ಅರವತ್ತು ದಾಟಿದೆ. ದಿನಕ್ಕೆ ನಲವತ್ತು ಸಲ ಪಾಸ್‌ವರ್ಡ್ ಹೊಡೆಸಿದರೆ ಪಾಸ್‌ವರ್ಡನ್ನು ರಸೀದಿ ಪುಸ್ತಕದ ಹಿಂದೆ ಬರೆದಿಟ್ಟುಕೊಳ್ಳುತ್ತಾರೆ.

---

ಕಡಲತಡಿ · ಮಂಗಳವಾರ, ಬೆಳಿಗ್ಗೆ 11:30

ಎಲ್ಲರಿಗೂ ಒಂದೇ ಅಳತೆ ಯಾಕೆ? ಜಾಂಗೋದಲ್ಲಿ ಸುಮ್ಮನಿದ್ದರೆ 1209600 ಸೆಕೆಂಡು, ಅಂದರೆ ಹದಿನಾಲ್ಕು ದಿನ. ಅದನ್ನು ಸೆಶನ್_ಕುಕೀ_ಏಜ್‌ನಲ್ಲಿ 28800 ಮಾಡಿ, ಎಂಟು ಗಂಟೆ. ಏಜೆಂಟರಿಗೆ ಅದು ಸಾಕು. ಬೆಳಿಗ್ಗೆ ಒಂದು ಸಲ ಲಾಗಿನ್, ಸಂಜೆ ಲೆಕ್ಕ ಒಪ್ಪಿಸುವ ಹೊತ್ತಿಗೆ ಮುಗಿಯುತ್ತದೆ. ಕೌಂಟರಿನವರು ಒಂದೇ ಕಡೆ ಕೂರುತ್ತಾರೆ, ಹತ್ತಿರ ಜನ ಓಡಾಡುತ್ತಾರೆ. ಲಾಗಿನ್ ಆದಾಗ ಅವರಿಗೆ ಮಾತ್ರ ಸೆಟ್_ಎಕ್ಸ್‌ಪೈರಿ ಕರೆದು 1200 ಕೊಡಿ, ಇಪ್ಪತ್ತು ನಿಮಿಷ. ಜೊತೆಗೆ ಸೆಶನ್_ಸೇವ್_ಎವರಿ_ರಿಕ್ವೆಸ್ಟ್ ಟ್ರೂ ಮಾಡಿ. ಇಲ್ಲದಿದ್ದರೆ ಕೆಲಸ ಮಾಡುತ್ತಾ ಇದ್ದರೂ ಲಾಗಿನ್ ಆದ ಇಪ್ಪತ್ತನೇ ನಿಮಿಷಕ್ಕೆ ಹೊರದಬ್ಬಿಬಿಡಬಹುದು.

ಆದರೆ ಈ ಸೆಟ್ಟಿಂಗ್ ಏಜೆಂಟರ ಎಂಟು ಗಂಟೆಯನ್ನೂ ಪ್ರತಿ ಕ್ಲಿಕ್ಕಿಗೆ ಮುಂದೂಡುತ್ತದೆ. ಅದಕ್ಕೆ ಲಾಗಿನ್ ಆದ ಹೊತ್ತನ್ನು ಸೆಶನ್ ಒಳಗೇ ಬರೆದಿಟ್ಟು, ಹತ್ತು ಗಂಟೆ ದಾಟಿದರೆ ಯಾರೇ ಆದರೂ ಹೊರಗೆ ಅಂತ ಒಂದು ಸಣ್ಣ ಮಿಡಲ್‌ವೇರ್ (ಪ್ರತಿ ರಿಕ್ವೆಸ್ಟ್ ಹಾದುಹೋಗುವ ಕೋಡ್) ಬರೆಯಿರಿ. ಹತ್ತು ಸಾಲಿನ ಕೆಲಸ.

'ಬ್ರೌಸರ್ ಮುಚ್ಚಿದಾಗ ಮುಗಿಯಲಿ' ಅನ್ನುವ ಸೆಟ್ಟಿಂಗನ್ನು ಮಾತ್ರ ನಂಬಿ ಕೂರಬೇಡಿ. ಫೋನಿನಲ್ಲಿ ಬ್ರೌಸರನ್ನು ಯಾರು ಮುಚ್ಚುತ್ತಾರೆ? ಕಂಪ್ಯೂಟರಿನಲ್ಲೂ 'ಬಿಟ್ಟಲ್ಲಿಂದ ಮುಂದುವರಿಸು' ಅಂತ ಇಟ್ಟಿದ್ದರೆ ಆ ಕುಕೀಗಳು ಮತ್ತೆ ಎದ್ದು ಬರುತ್ತವೆ.

ಆಡಿಟರಿಗೆ ಈ ಎರಡು ಅಳತೆ ಮತ್ತು ಅದರ ಕಾರಣ ಬರೆದು ಕೊಡಿ. ರಸೀದಿ ಪುಸ್ತಕದ ಮಾತನ್ನೂ ಬರೆಯಿರಿ, ಅದು ನಿಜವಾದ ಅಪಾಯ.

---

ಅಡಿಕೆತೋಟ · ಮಂಗಳವಾರ, ಮಧ್ಯಾಹ್ನ 12:20

ಸೇಮ್‌ಸೈಟ್ ಅಂದರೆ ಏನು? ಸ್ಟ್ರಿಕ್ಟ್ ಅಂತ ಇಟ್ಟರೆ ಎಲ್ಲಕ್ಕಿಂತ ಗಟ್ಟಿ ಅಲ್ವಾ?

---

ಕಡಲತಡಿ · ಮಂಗಳವಾರ, ಮಧ್ಯಾಹ್ನ 1:45

ಬೇರೆ ಸೈಟಿನಿಂದ ಬಂದ ರಿಕ್ವೆಸ್ಟ್ ಜೊತೆ ಕುಕೀ ಹೋಗಬೇಕೋ ಬೇಡವೋ ಅಂತ ಬ್ರೌಸರ್‌ಗೆ ಹೇಳುವುದು ಸೇಮ್‌ಸೈಟ್. ಸ್ಟ್ರಿಕ್ಟ್ ಗಟ್ಟಿ ಹೌದು, ಆದರೆ ವಾಟ್ಸಾಪ್‌ನಲ್ಲಿ ಬಂದ ಲಿಂಕ್ ಒತ್ತಿದರೂ ಲಾಗಿನ್ ಇಲ್ಲದವರ ಹಾಗೆ ಕಾಣುತ್ತದೆ. ಸ್ಟ್ರಿಕ್ಟ್ ಇದ್ದರೆ ಬೇರೆ ಸೈಟಿನಿಂದ ಬಂದಾಗ ಕುಕೀ ಹೋಗುವುದೇ ಇಲ್ಲ. ಲ್ಯಾಕ್ಸ್ ಇದ್ದರೆ ಲಿಂಕ್ ಒತ್ತಿ ಬಂದಾಗ ಹೋಗುತ್ತದೆ, ಬೇರೆ ಸೈಟಿನಿಂದ ಫಾರ್ಮ್ ಪೋಸ್ಟ್ ಆದಾಗ ಹೋಗುವುದಿಲ್ಲ. ನನ್ ಅಂದರೆ ಎಲ್ಲಿಂದ ಬಂದರೂ ಹೋಗುತ್ತದೆ, ಅದಕ್ಕೆ ಸೆಕ್ಯೂರ್ ಕಡ್ಡಾಯ. ಜಾಂಗೋ 2.1ರಿಂದ ಲ್ಯಾಕ್ಸ್ ತಾನಾಗಿ ಇದೆ.

ಇದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ಒಂದು ಕಾಲೇಜಿನ ಫೀ ಕಟ್ಟುವ ಪೋರ್ಟಲ್ ನೋಡಿಕೊಳ್ಳುತ್ತಿದ್ದೆ. ಹಳೇ ಕೋಡ್, ಸೇಮ್‌ಸೈಟ್ ಅಂತ ಏನೂ ಹಾಕಿರಲಿಲ್ಲ. 2020ರ ಫೆಬ್ರವರಿಯಲ್ಲಿ ಕ್ರೋಮ್ 80 ಬಂತು. ಸೇಮ್‌ಸೈಟ್ ಹೇಳದ ಕುಕೀಗಳನ್ನು ಲ್ಯಾಕ್ಸ್ ಅಂತಲೇ ನೋಡಲು ಹಂತ ಹಂತವಾಗಿ ಶುರು ಮಾಡಿತು. ಕೋವಿಡ್ ಬಂದಾಗ ಏಪ್ರಿಲ್‌ನಲ್ಲಿ ಹಿಂದೆ ತೆಗೆದು, ಜುಲೈನಲ್ಲಿ ಮತ್ತೆ ತಂದರು. ನಮಗೆ ಏಟು ಬಿದ್ದದ್ದು ಆಗ, ಅಡ್ಮಿಶನ್ ಸಮಯ.

ವಿದ್ಯಾರ್ಥಿ ಹಣ ಕಟ್ಟುತ್ತಾನೆ, ಪೇಮೆಂಟ್ ಗೇಟ್‌ವೇ ನಮ್ಮ ಪುಟಕ್ಕೆ ಪೋಸ್ಟ್ ಮಾಡಿ ವಾಪಸ್ ಕಳಿಸುತ್ತದೆ. ಬೇರೆ ಸೈಟಿನಿಂದ ಬಂದ ಪೋಸ್ಟ್, ಹಾಗಾಗಿ ಕುಕೀ ಇಲ್ಲ. 'ದಯವಿಟ್ಟು ಲಾಗಿನ್ ಆಗಿ' ಅಂತ ಪುಟ. ಖಾತೆಯಿಂದ ದುಡ್ಡು ಹೋಗಿದೆ, ಇಲ್ಲಿ ರಸೀದಿ ಇಲ್ಲ. ಮಕ್ಕಳು ಹೆದರಿ ಎರಡನೇ ಸಲ ಕಟ್ಟಿದರು. ಒಬ್ಬ ಹುಡುಗನ ಅಪ್ಪ ಸಾಲ ಮಾಡಿ ತಂದ ದುಡ್ಡು ಎರಡು ಸಲ ಹೋಗಿತ್ತು, ವಾಪಸ್ ಬರಲು ಒಂಬತ್ತು ದಿನ ಆಯಿತು. ಕೆಲವರಿಗೆ ಸರಿಯಾಗಿಯೇ ಆಗುತ್ತಿತ್ತು, ಅದು ಇನ್ನೂ ತಲೆ ಕೆಡಿಸಿತು. ಆಮೇಲೆ ತಿಳಿಯಿತು. ಸೇಮ್‌ಸೈಟ್ ಹೇಳದ ಕುಕೀ ಹುಟ್ಟಿ ಎರಡು ನಿಮಿಷದೊಳಗಿದ್ದರೆ ಕ್ರೋಮ್ ಪೋಸ್ಟ್‌ಗೂ ಬಿಡುತ್ತದೆ. ಬೇಗ ಕಟ್ಟಿದವರು ಪಾರಾದರು, ನಿಧಾನ ಮಾಡಿದವರು ಸಿಕ್ಕಿಬಿದ್ದರು.

ಗಾಬರಿಯಲ್ಲಿ ನಾವು ಸೆಶನ್ ಕುಕೀಯನ್ನೇ ಸೇಮ್‌ಸೈಟ್ ನನ್ ಮಾಡಿದೆವು. ಕೆಲಸ ಆಯಿತು. ಆದರೆ ಒಂದು ಪುಟಕ್ಕೋಸ್ಕರ ಇಡೀ ಮನೆಯ ಬಾಗಿಲು ತೆಗೆದಿಟ್ಟ ಹಾಗೆ. ಸರಿಯಾದ ದಾರಿ ಬೇರೆ. ವಾಪಸ್ ಬರುವ ಆ ಒಂದು ಪುಟ ಸೆಶನ್ನನ್ನು ಕೇಳಲೇಬಾರದು. ಗೇಟ್‌ವೇ ಕಳಿಸಿದ ಆರ್ಡರ್ ನಂಬರ್ ತೆಗೆದುಕೊಂಡು, ಅದರ ಸಹಿ ಸರಿಯಿದೆಯಾ ನೋಡಿ, ಡೇಟಾಬೇಸ್‌ನಲ್ಲಿ ಗುರುತು ಹಾಕಿ, 303 ಕೊಟ್ಟು ನಮ್ಮದೇ ರಸೀದಿ ಪುಟಕ್ಕೆ ಕಳಿಸಬೇಕು. ಆ ಎರಡನೇ ಹೆಜ್ಜೆ ಗೆಟ್ ರಿಕ್ವೆಸ್ಟ್, ಲ್ಯಾಕ್ಸ್ ಇದ್ದರೂ ಕುಕೀ ಬರುತ್ತದೆ. ಆ ಒಂದು ವ್ಯೂಗೆ ಸಿಎಸ್‌ಆರ್‌ಎಫ್ ತಪಾಸಣೆ ತೆಗೆಯಬೇಕಾಗುತ್ತದೆ, ಅದಕ್ಕೇ ಸಹಿ ನೋಡುವುದನ್ನು ಬಿಡುವ ಹಾಗಿಲ್ಲ.

ಇನ್ನೊಂದು ಸೂಕ್ಷ್ಮ ಇದೆ. ಆ ಪುಟದಲ್ಲಿ ಸೆಶನ್‌ಗೆ ಏನನ್ನೂ ಬರೆಯಬೇಡಿ. ಕುಕೀ ಇಲ್ಲದೆ ಬಂದ ರಿಕ್ವೆಸ್ಟ್‌ನಲ್ಲಿ ಏನಾದರೂ ಬರೆದರೆ ಹೊಸ ಖಾಲಿ ಸೆಶನ್ ಹುಟ್ಟಿ, ಅದರ ಕುಕೀ ಬ್ರೌಸರ್‌ನಲ್ಲಿದ್ದ ಒಳ್ಳೆಯ ಕುಕೀಯ ಮೇಲೆ ಕೂರುತ್ತದೆ. ಇದನ್ನು ಹುಡುಕಲು ನಮಗೆ ಇನ್ನೂ ಎರಡು ದಿನ ಬೇಕಾಯಿತು.

---

ಹಳೇಸರ್ವರ್ · ಮಂಗಳವಾರ, ಸಂಜೆ 5:15

ಮೇಲಿನ ಪೋಸ್ಟ್ ಎಲ್ಲರೂ ಎರಡು ಸಲ ಓದಿ.

ನನ್ನದು ಎರಡು ಸಣ್ಣ ಸೇರ್ಪಡೆ. ಸೆಶನ್_ಕುಕೀ_ಡೊಮೈನ್‌ಗೆ ಏನೂ ಕೊಡಬೇಡಿ. ಮುಖ್ಯ ಡೊಮೈನ್ ಹೆಸರು ಕೊಟ್ಟರೆ ಎಲ್ಲ ಸಬ್‌ಡೊಮೈನಿಗೂ ಕುಕೀ ಹೋಗುತ್ತದೆ. ಯಾವುದೋ ಕಾಲದಲ್ಲಿ ಹಾಕಿ ಮರೆತ ವರ್ಡ್‌ಪ್ರೆಸ್ ಸಬ್‌ಡೊಮೈನ್ ಒಂದು ಇದ್ದೇ ಇರುತ್ತದೆ. ಸಾಧ್ಯವಾದರೆ ಕುಕೀಯ ಹೆಸರನ್ನು ಎರಡು ಅಂಡರ್‌ಸ್ಕೋರ್, ಹೋಸ್ಟ್, ಒಂದು ಅಡ್ಡಗೆರೆ ಅಂತ ಶುರು ಮಾಡಿ. ಹಾಗಿದ್ದರೆ ಸೆಕ್ಯೂರ್ ಇಲ್ಲದ, ಡೊಮೈನ್ ಹಾಕಿದ, ಅಥವಾ ಪಾಥ್ ಬರೀ ಸ್ಲ್ಯಾಶ್ ಅಲ್ಲದ ಕುಕೀಯನ್ನು ಬ್ರೌಸರೇ ತಿರಸ್ಕರಿಸುತ್ತದೆ. ನಾಳೆ ಯಾರಾದರೂ ಸೆಟ್ಟಿಂಗ್ ತಪ್ಪಿಸಿದರೆ ಲಾಗಿನ್ ಆಗುವುದಿಲ್ಲ, ತಕ್ಷಣ ಗೊತ್ತಾಗುತ್ತದೆ.

ಎಚ್‌ಎಸ್‌ಟಿಎಸ್ (ಇನ್ನು ಇಷ್ಟು ಕಾಲ ಎಚ್‌ಟಿಟಿಪಿಎಸ್‌ನಲ್ಲೇ ಬಾ ಅಂತ ಬ್ರೌಸರ್‌ಗೆ ಹೇಳುವ ಹೆಡರ್) ಕೂಡ ಹಾಕಿ, ಆದರೆ ಮೊದಲು 3600 ಸೆಕೆಂಡು. ಒಂದೆರಡು ವಾರ ನೋಡಿ ಆಮೇಲೆ 31536000, ಒಂದು ವರ್ಷ. ಮೊದಲ ದಿನವೇ ಸಬ್‌ಡೊಮೈನ್ ಸೇರಿಸಿ ಒಂದು ವರ್ಷ ಕೊಟ್ಟರೆ ಎಚ್‌ಟಿಟಿಪಿಎಸ್ ಇಲ್ಲದ ಯಾವುದೋ ಹಳೇ ಪುಟ ಎಲ್ಲರಿಗೂ ಮುಚ್ಚಿಹೋಗುತ್ತದೆ, ಬ್ರೌಸರ್‌ಗಳಿಂದ ಅದನ್ನು ಅಳಿಸಲು ತುಂಬಾ ಕಷ್ಟ.

---

ಬಿಳಿಗಿರಿ · ಮಂಗಳವಾರ, ರಾತ್ರಿ 8:50

ಈ ಸೆಟ್ಟಿಂಗ್‌ಗಳ ಕೈಗೆ ಸಿಗದ ಒಂದು ಅಪಾಯವೂ ಇದೆ. ಕಂಪ್ಯೂಟರಿನೊಳಗೇ ವೈರಸ್ ಕೂತು ಬ್ರೌಸರಿನ ಕುಕೀ ಫೈಲ್ ಕದ್ದರೆ ಸೆಕ್ಯೂರ್, ಎಚ್‌ಟಿಟಿಪಿಓನ್ಲಿ ಯಾವುದೂ ತಡೆಯುವುದಿಲ್ಲ. 2023ರ ಮಾರ್ಚ್‌ನಲ್ಲಿ ಲೈನಸ್ ಟೆಕ್ ಟಿಪ್ಸ್ ಯೂಟ್ಯೂಬ್ ಚಾನೆಲ್ ಹೋದದ್ದು ಹೀಗೆ. ಪಿಡಿಎಫ್ ಅಂದುಕೊಂಡು ಸಿಬ್ಬಂದಿಯೊಬ್ಬರು ಮೇಲ್‌ನಲ್ಲಿ ಬಂದ ಫೈಲ್ ತೆರೆದರು, ಸೆಶನ್ ಟೋಕನ್‌ಗಳು ಹೋದವು, ಪಾಸ್‌ವರ್ಡ್, ಎರಡನೇ ಹಂತದ ತಪಾಸಣೆ ಯಾವುದೂ ಅಡ್ಡ ಬರಲಿಲ್ಲ. ಅದಕ್ಕೇ ದೊಡ್ಡ ಮೊತ್ತದ ವೋಚರ್ ಪಾಸ್ ಮಾಡುವಾಗ ಪಾಸ್‌ವರ್ಡ್ ಅಥವಾ ಓಟಿಪಿ ಮತ್ತೆ ಕೇಳಿ. ಟೋಕನ್ ಕದ್ದವರ ಕೈ ಅಲ್ಲಿ ನಿಲ್ಲುತ್ತದೆ.

---

ತುಂಗಾತೀರ · ಶುಕ್ರವಾರ, ಸಂಜೆ 4:30

ಎಲ್ಲ ಹಾಕಿ ಮೂರು ದಿನ ನೋಡಿದೆ. ಲಾಗಿನ್ ಪುಟಕ್ಕೆ ಕಮಾಂಡ್ ಲೈನಿನಿಂದ ಕರ್ಲ್ ಹೊಡೆದರೆ ಸಿಎಸ್‌ಆರ್‌ಎಫ್ ಕುಕೀ ಮಾತ್ರ ಕಾಣುತ್ತಿತ್ತು. ಆದ್ದರಿಂದ ನೆಟ್‌ವರ್ಕ್ ಟ್ಯಾಬಿನಲ್ಲಿ ಲಾಗಿನ್ ಪೋಸ್ಟ್‌ನ ಉತ್ತರ ತೆಗೆದು ನೋಡಿದೆ. ಏಜೆಂಟರಿಗೆ ಈಗ ಹೋಗುವ ಸಾಲು ಹೀಗಿದೆ, ಮಧ್ಯದ ಸರ ಮತ್ತು ಎಕ್ಸ್‌ಪೈರ್ಸ್ ದಿನಾಂಕ ತೆಗೆದಿದ್ದೇನೆ:

ಸೆಟ್-ಕುಕೀ: __ಹೋಸ್ಟ್-ಸೆಶನ್‌ಐಡಿ=…; ಎಚ್‌ಟಿಟಿಪಿಓನ್ಲಿ; ಮ್ಯಾಕ್ಸ್-ಏಜ್=28800; ಪಾಥ್=/; ಸೇಮ್‌ಸೈಟ್=ಲ್ಯಾಕ್ಸ್; ಸೆಕ್ಯೂರ್

ಕೌಂಟರಿನವರಿಗೆ ಮ್ಯಾಕ್ಸ್-ಏಜ್ 1200. ಐವತ್ತು ಸಾವಿರ ದಾಟಿದ ವೋಚರ್‌ಗೆ ಪಾಸ್‌ವರ್ಡ್ ಮತ್ತೆ ಕೇಳುತ್ತದೆ. ಅದನ್ನು ಇಪ್ಪತ್ತೈದಕ್ಕೆ ಇಳಿಸಿ ಅಂತ ಕ್ಯಾಷಿಯರ್ ಮೇಡಂ ತಾವಾಗಿಯೇ ಕೇಳಿದರು, ಇಳಿಸಿದೆ. ಟೆಂಪ್ಲೇಟಿನಲ್ಲಿ 'ಸೇಫ್' ಹುಡುಕಿದಾಗ ನಾಲ್ಕು ಕಡೆ ಸಿಕ್ಕಿತು, ಅದರಲ್ಲಿ ಒಂದು ಸದಸ್ಯರ ಷರಾ ಜಾಗದಲ್ಲೇ. ತೆಗೆದೆ. ಆಡಿಟರಿಗೆ ಉತ್ತರ ಹೋಗಿದೆ, ಏಜೆಂಟರ ಎಂಟು ಗಂಟೆಯನ್ನು ಒಪ್ಪಿದ್ದಾರೆ.

ಒಬ್ಬ ಏಜೆಂಟರಿಗೆ ಮಾತ್ರ ಲಾಗಿನ್ ಉಳಿಯುತ್ತಿಲ್ಲ. ಫೋನ್ ತಂದು ತೋರಿಸಿ ಅಂದಿದ್ದೇನೆ.

---

ಹಳೇಸರ್ವರ್ · ಶುಕ್ರವಾರ, ಸಂಜೆ 4:52

ಆ ಫೋನಿನ ದಿನಾಂಕ ನೋಡಿ. ಅದು ತಪ್ಪಿದ್ದರೆ ಎಚ್‌ಟಿಟಿಪಿಎಸ್‌ಗೇ ತೊಂದರೆ ಬರಬಹುದು. ಹಾಗೆಯೇ ಸೆಟ್ಟಿಂಗ್‌ನಲ್ಲಿ ಕುಕೀಗಳನ್ನೇ ತಡೆದಿದ್ದಾರಾ ಅಂತಲೂ ನೋಡಿ. ಮತ್ತೆ, ಕ್ಲಿಯರ್‌ಸೆಶನ್ಸ್ ಕಮಾಂಡನ್ನು ಕ್ರಾನ್‌ಗೆ (ಹೊತ್ತಿಗೆ ಸರಿಯಾಗಿ ಕಮಾಂಡ್ ಓಡಿಸುವ ವ್ಯವಸ್ಥೆ) ಹಾಕಿದ್ದೀರಾ? ಅವಧಿ ಮುಗಿದ ಸಾಲುಗಳನ್ನು ಜಾಂಗೋ ತಾನಾಗಿ ಅಳಿಸುವುದಿಲ್ಲ.

---

ತುಂಗಾತೀರ · ಶನಿವಾರ, ಬೆಳಿಗ್ಗೆ 10:10

ಕ್ರಾನ್‌ಗೆ ಹಾಕಿರಲಿಲ್ಲ, ಈಗ ಹಾಕಿದೆ. ರಾತ್ರಿ ಎರಡಕ್ಕೆ ಓಡುತ್ತದೆ. ಆ ಏಜೆಂಟರ ಫೋನಿನಲ್ಲಿ ದಿನಾಂಕ ಸರಿ ಇತ್ತು. ಮೊಮ್ಮಗ ಕ್ರೋಮ್ ಸೆಟ್ಟಿಂಗ್‌ನಲ್ಲಿ ಕುಕೀಗಳನ್ನು ಪೂರ್ತಿ ತಡೆದಿಟ್ಟಿದ್ದ. ನಮ್ಮ ಸೈಟಿಗೆ ಮಾತ್ರ ಬಿಡುವಂತೆ ಮಾಡಿಕೊಟ್ಟೆ. ಬೆಳಗಿನ ಸುತ್ತು ಶುರು ಮಾಡಿದ್ದಾರೆ, ಮೂರು ಎಂಟ್ರಿ ಬಂದಿವೆ.